ಕೇಳಬೇಕಾದದ್ದು ವಯಸ್ಸು, ಗುರುತಲ್ಲ

ಕೇಳುಗರಿಗೆ ನಮಸ್ಕಾರ.

8 ವರ್ಷದ ಮಗುವೊಂದು ಸಾಮಾಜಿಕ ಜಾಲತಾಣದಲ್ಲಿ ಖಾತೆ ತೆರೆಯಲು ಹೊರಟಿದೆ ಎಂದುಕೊಳ್ಳಿ. ಹುಟ್ಟಿದ ತಾರೀಖು ಕೇಳುವ ಪುಟ ಬರುತ್ತದೆ. ನಿಜ ಹೇಳಿದರೆ ಬಾಗಿಲು ತೆರೆಯುವುದಿಲ್ಲ. ಇಸವಿಯನ್ನು 5 ವರ್ಷ ಹಿಂದಕ್ಕೆ ಸರಿಸಿದರೆ 13 ಆಯಿತು, ಖಾತೆ ಸಿಕ್ಕಿತು. ಎಷ್ಟೋ ಸಲ ದೊಡ್ಡವರೇ ಪಕ್ಕದಲ್ಲಿ ಕೂತು ಇದನ್ನು ಮಾಡಿಕೊಡುತ್ತಾರೆ. ಆದರೆ ಆ ಸುಳ್ಳು ಮಗುವಿನ ಜೊತೆಗೇ ಬೆಳೆಯುತ್ತದೆ. ಮಗುವಿಗೆ ನಿಜವಾಗಿ 13 ತುಂಬುವ ಹೊತ್ತಿಗೆ ಖಾತೆಯ ಲೆಕ್ಕದಲ್ಲಿ ಅದಕ್ಕೆ 18. ಅಪರಿಚಿತರ ಸಂದೇಶಗಳಿಗೆ, ದೊಡ್ಡವರಿಗೆಂದೇ ಇರುವ ಜಾಹೀರಾತುಗಳಿಗೆ ಹಾಕಿದ್ದ ತಡೆ ಅಂದೇ ಕಳಚಿಹೋಗಬಹುದು.

ಈ 13 ಬಂದದ್ದು ಅಮೆರಿಕದ 1998ರ ಕಾನೂನಿನಿಂದ. 13 ತುಂಬದ ಮಕ್ಕಳ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕು ಎಂದು ಅದು ಹೇಳಿತು. ಕಂಪನಿಗಳು ಸುಲಭದ ದಾರಿ ಹಿಡಿದವು: ತಾರೀಖು ಕೇಳುವುದು, ಬರೆದದ್ದನ್ನು ನಂಬುವುದು. ಈಗ ಆ ದಾರಿ ಒಂದೊಂದೇ ದೇಶದಲ್ಲಿ ಮುಚ್ಚುತ್ತಿದೆ. ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ತಾಣಗಳು ವಯಸ್ಸನ್ನು ಗಟ್ಟಿಯಾಗಿ ಪರೀಕ್ಷಿಸಲೇಬೇಕು. ತಪ್ಪಿದರೆ ದಂಡ 1.8 ಕೋಟಿ ಪೌಂಡ್ ಅಥವಾ ಜಾಗತಿಕ ವಹಿವಾಟಿನ ಶೇಕಡಾ 10, ಯಾವುದು ಹೆಚ್ಚೋ ಅಲ್ಲಿಯವರೆಗೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯೇ ಇಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬುವವರೆಗೂ ಮಗುವೇ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಯಾರು ಮಗು, ಯಾರು ಅಲ್ಲ ಎಂದು ತಿಳಿಯಬೇಕಾದರೆ ಬಾಗಿಲಿಗೆ ಬಂದವರನ್ನೆಲ್ಲ ಪರೀಕ್ಷಿಸಬೇಕು. ತಾಣಕ್ಕೆ ಬೇಕಾದದ್ದು ‘ವಯಸ್ಸು ತುಂಬಿದೆ’ ಅಥವಾ ‘ತುಂಬಿಲ್ಲ’ ಎಂಬ ಒಂದೇ ಉತ್ತರ. ಅದಕ್ಕಾಗಿ ಹೆಸರು, ವಿಳಾಸ, ಭಾವಚಿತ್ರ ಇರುವ ಇಡೀ ಗುರುತಿನ ಚೀಟಿಯನ್ನು ಕೇಳುವುದು ಅಳತೆ ಮೀರಿದ್ದು. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಹರಟೆ ತಾಣದ ಸಂಸ್ಥೆ ತನ್ನ ಹೊರಗುತ್ತಿಗೆದಾರರ ಕಡೆಯಿಂದಾದ ಸೋರಿಕೆಯನ್ನು ಪ್ರಕಟಿಸಿತು. ಅದರಲ್ಲಿ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಸೇರಿದ್ದಿರಬಹುದು ಎಂದಿತು. ಅವು ವಯಸ್ಸಿನ ಬಗ್ಗೆ ಮೇಲ್ಮನವಿ ಸಲ್ಲಿಸಿದವರು ಕೊಟ್ಟ ಚಿತ್ರಗಳು. ಕೂಡಿಟ್ಟದ್ದು ಸೋರುತ್ತದೆ, ಕೂಡಿಡದೇ ಇದ್ದದ್ದು ಸೋರಲಾರದು.

ಹಾಗಾದರೆ ಸೆಲ್ಫಿ? ಫೋನನ್ನು ಮುಖದೆದುರು ಹಿಡಿದು ತಲೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಬೇಕು. ಎದುರಿಗಿರುವುದು ಜೀವಂತ ಮುಖವೋ, ಬರೀ ಚಿತ್ರವೋ ಎಂದು ನೋಡಲು ಈ ತಿರುಗಾಟ. ಆಮೇಲೆ ತಂತ್ರಾಂಶ ವಯಸ್ಸನ್ನು ಅಂದಾಜು ಮಾಡುತ್ತದೆ. ಅದು ಅಂದಾಜು ಮಾತ್ರ. 17ರ ಮುಖಕ್ಕೂ 18ರ ಮುಖಕ್ಕೂ ಇರುವ ವ್ಯತ್ಯಾಸ ಮನುಷ್ಯರ ಕಣ್ಣಿಗೇ ಕಾಣುವುದಿಲ್ಲ. ಮಂದ ಬೆಳಕು, ಕಳಪೆ ಕ್ಯಾಮೆರಾ, ತಂತ್ರಾಂಶಕ್ಕೆ ಕಲಿಸಲು ಬಳಸಿದ ದತ್ತಾಂಶದಲ್ಲಿ ಕೆಲವು ಮೈಬಣ್ಣದವರ ಚಿತ್ರಗಳು ಕಡಿಮೆ ಇರುವುದು, ಇವೆಲ್ಲ ತಪ್ಪನ್ನು ಹೆಚ್ಚಿಸುತ್ತವೆ. ಆದ್ದರಿಂದ ಗಡಿ 18 ಇದ್ದರೂ ತಂತ್ರಾಂಶವನ್ನು 21ಕ್ಕೋ 25ಕ್ಕೋ ಹೊಂದಿಸಿ, ಅದಕ್ಕಿಂತ ಚಿಕ್ಕವರಾಗಿ ಕಂಡವರಿಂದ ಬೇರೆ ಪುರಾವೆ ಕೇಳುವ ಪದ್ಧತಿಯಿದೆ. ಗಡಿ 16 ಆದಾಗ ತೊಡಕು ಬಿಗಿಯಾಗುತ್ತದೆ: ಆ ವಯಸ್ಸಿನ ಅನೇಕರ ಬಳಿ ಪುರಾವೆಯೇ ಇರುವುದಿಲ್ಲ. ಸರ್ಕಾರಿ ಗುರುತಿನ ಚೀಟಿಯೊಂದನ್ನೇ ದಾರಿಯಾಗಿಸಬಾರದು, ಬೇರೆ ಆಯ್ಕೆಯೂ ಇರಬೇಕು ಎಂದು ಆಸ್ಟ್ರೇಲಿಯಾದ ಕಾನೂನು ಹೇಳುವುದು ಸರಿಯಾಗಿಯೇ ಇದೆ.

ಇದಕ್ಕಿಂತ ಒಳ್ಳೆಯ ದಾರಿ ಟೋಕನ್. ನಿಮ್ಮನ್ನು ಈಗಾಗಲೇ ಬಲ್ಲ ಬ್ಯಾಂಕೋ, ಮೊಬೈಲ್ ಕಂಪನಿಯೋ, ಸರ್ಕಾರಿ ಆ್ಯಪೋ ‘18 ತುಂಬಿದೆ’ ಎಂದಷ್ಟೇ ಡಿಜಿಟಲ್ ಸಹಿ ಹಾಕಿ ಕೊಡುತ್ತದೆ. ತಾಣಕ್ಕೆ ನಿಮ್ಮ ಹೆಸರು ತಿಳಿಯಬಾರದು. ಸಹಿ ಹಾಕಿದವರಿಗೆ ನೀವು ಯಾವ ತಾಣಕ್ಕೆ ಹೋದಿರೆಂದು ತಿಳಿಯಬಾರದು. ಎರಡೂ ಕಡೆ ಪರದೆ ಇರಬೇಕು. ಒಂದೇ ಟೋಕನ್ನನ್ನು ಎರಡು ತಾಣಗಳಲ್ಲಿ ಬಳಸಿದರೆ ಅವೆರಡೂ ಸೇರಿ ನಿಮ್ಮ ಜಾಡು ಹಿಡಿಯಬಹುದು, ಹಾಗಾಗಿ ಪ್ರತಿ ಸಲ ಹೊಸದು ಬೇಕು. ಐರೋಪ್ಯ ಒಕ್ಕೂಟ 2025ರಲ್ಲಿ ಹೊರತಂದ ಮಾದರಿ ಆ್ಯಪ್ ಈ ಹಾದಿಯದು. ಇದಕ್ಕೂ ಒಂದು ಬಿರುಕಿದೆ: ಟೋಕನ್ ಇರುವುದು ಫೋನಿನಲ್ಲಿ. ನಿಮ್ಮ ಫೋನಿನ ಪಿನ್ ಮಗುವಿಗೆ ಗೊತ್ತಿದ್ದರೆ ಮಗುವಿಗೂ 18.

ಮನೆಯಲ್ಲಿ ಮೊದಲು ಮಾಡಬೇಕಾದದ್ದು ಆ ಪಿನ್ ಬದಲಿಸುವುದು. ಆಮೇಲೆ ಮಗುವಿನ ಪ್ರತಿ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಹುಟ್ಟಿದ ತಾರೀಖನ್ನು ನೋಡಿ. ತಪ್ಪಿದ್ದರೆ ತಿದ್ದಿ. ತಿದ್ದಲು ಬಿಡದಿದ್ದರೆ ಫೋಟೊಗಳನ್ನು ಇಳಿಸಿಕೊಂಡು, ಖಾತೆ ಅಳಿಸಿ, ಬೇಕಾದ ವಯಸ್ಸು ತುಂಬಿದ ಮೇಲೆ ನಿಜವಾದ ತಾರೀಖಿನಲ್ಲಿ ಹೊಸದು ತೆರೆಯಿರಿ. ಮಗುವಿನ ಫೋನನ್ನು ಮಕ್ಕಳ ಖಾತೆಯಾಗಿಯೇ ಹೊಂದಿಸಿ. ಆಂಡ್ರಾಯ್ಡ್‌ನಲ್ಲಿ ಫ್ಯಾಮಿಲಿ ಲಿಂಕ್ ಇದೆ, ಐಫೋನಿನಲ್ಲಿ ಫ್ಯಾಮಿಲಿ ಶೇರಿಂಗ್ ಇದೆ. ಹೊಸ ಆ್ಯಪ್ ಹಾಕಲು ನಿಮ್ಮ ಒಪ್ಪಿಗೆ ಬೇಕೆಂಬ ಆಯ್ಕೆಯನ್ನು ಆನ್ ಮಾಡಿ. ಇರುವ ದೇಶವನ್ನು ತಾಣಗಳಿಂದ ಮರೆಮಾಡುವ ಉಚಿತ ವಿಪಿಎನ್ ಆ್ಯಪ್ ಬೇಡ. ಬ್ರಿಟನ್ನಿನಲ್ಲಿ ನಿಯಮ ಜಾರಿಯಾದ ದಿನಗಳಲ್ಲೇ ವಿಪಿಎನ್‌ಗಳಿಗೆ ಬೇಡಿಕೆ ಏರಿತು. ವಿಪಿಎನ್ ಹಾಕಿದರೆ ಮಗು ಯಾವ ಯಾವ ತಾಣಕ್ಕೆ ಹೋಗುತ್ತದೆಂಬ ಜಾಡು ಯಾರೋ ಅಪರಿಚಿತರ ಸರ್ವರ್ ಮೂಲಕ ಹಾದುಹೋಗುತ್ತದೆ.

ವಯಸ್ಸು ಪರೀಕ್ಷಿಸುತ್ತೇವೆಂದು ಕಾರ್ಡ್ ಸಂಖ್ಯೆಯ ಜೊತೆ ಒಟಿಪಿ ಕೇಳುವ ನಕಲಿ ಪುಟಗಳ ಬಗ್ಗೆ ಎಚ್ಚರವಿರಲಿ. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ ಆ್ಯಪ್‌ನೊಳಗಿಂದಲೇ ಹೋಗಿ. ಚಿತ್ರವನ್ನು ಯಾರು ನೋಡುತ್ತಾರೆ, ಎಷ್ಟು ದಿನದಲ್ಲಿ ಅಳಿಸುತ್ತಾರೆ ಎಂದು ಬರೆದಿರದ ಕಡೆ ಗುರುತಿನ ಚೀಟಿ ಕೊಡಬೇಡಿ.

ಬಾಗಿಲುಗಳನ್ನೆಲ್ಲ ದಾಟಿ ತೊಂದರೆ ಮಗುವನ್ನು ಮುಟ್ಟಿಬಿಟ್ಟಿದ್ದರೆ? ಯಾರೋ ಮಗುವಿನ ಖಾಸಗಿ ಚಿತ್ರ ಪಡೆದು ಹೆದರಿಸುತ್ತಿದ್ದರೆ ಹಣ ಕೊಡಬೇಡಿ, ಮಗುವನ್ನು ಬೈಯಬೇಡಿ, ಆ ಖಾತೆಯ ಹೆಸರು ಮತ್ತು ಬೆದರಿಕೆಯ ಸಂದೇಶಗಳನ್ನು ಉಳಿಸಿಕೊಂಡು ಪೊಲೀಸರಿಗೆ ತಿಳಿಸಿ. ಚಿತ್ರವನ್ನು ಮಾತ್ರ ಯಾರಿಗೂ ಕಳಿಸಬೇಡಿ, ಸಹಾಯ ಕೇಳುವುದಕ್ಕಾಗಿಯೂ ಬೇಡ. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ, ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು 2023ರಲ್ಲಿ ಆರಂಭಿಸಿದ್ದು. 18 ತುಂಬುವ ಮೊದಲು ತೆಗೆದ ಚಿತ್ರಗಳಿಗೆ ಅದು ಅನ್ವಯಿಸುತ್ತದೆ. ಚಿತ್ರ ಫೋನಿನಲ್ಲೇ ಇರುತ್ತದೆ. ಅದರಿಂದ ತಯಾರಾದ, ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೊರಗೆ ಹೋಗುತ್ತದೆ. ಸೇವೆಯಲ್ಲಿ ಸೇರಿಕೊಂಡಿರುವ ತಾಣಗಳು ಆ ಸಂಕೇತವನ್ನು ಹೋಲಿಸಿ ನೋಡಿ ಚಿತ್ರವನ್ನು ತೆಗೆಯುತ್ತವೆ. ಹೆಸರು ಕೊಡಬೇಕಿಲ್ಲ.