ಮಾರ್ಚ್ ತಿಂಗಳ ಐಸ್ ಕೆಳಗೆ ಬ್ಲೂಗಿಲ್ ಮೀನು ಹುಡುಕೋಣ ಬನ್ನಿ

ನಮಸ್ಕಾರ, ಬನ್ನಿ ಬನ್ನಿ. ಇದು ಅಮೆರಿಕದ ಮಿನೆಸೋಟಾದಲ್ಲಿ ಹೆಪ್ಪುಗಟ್ಟಿರೋ ಕೆರೆ, ಲೇಕ್ ಮಿನೆಟೊಂಕಾ, ಅದರಲ್ಲೂ ಆಳ ಇಲ್ಲದ ಒಂದು ಮೂಲೆ. ಮೀನು ಹಿಡಿಯೋರು ಐಸ್ ಮೇಲೆ ಬಿಟ್ಟಿದ್ದ ಗುಡಿಸಲುಗಳನ್ನ ಮಾರ್ಚ್ ಮೊದಲ ವಾರದಲ್ಲೇ ಎತ್ತಬೇಕು ಅಂತ ಈ ಭಾಗದಲ್ಲಿ ನಿಯಮ, ಅದಕ್ಕೇ ಇಷ್ಟು ಬೋಳು ಬೋಳಾಗಿ ಕಾಣ್ತಿದೆ.

ತೂತು ಕೊರೆಯೋದು ನೀವೇ ನೋಡ್ತಿದ್ದೀರಿ. ಈಗ ತೂತಿನ ಬಾಯಿ ನೋಡಿ, ಮೇಲೆ ಕರಗಿದ ನೀರು ಸುಳಿ ಹಾಕ್ಕೊಂಡು ಒಳಗೆ ಇಳೀತಿದೆ. ನಾನು ಕಾಯ್ತಿದ್ದದ್ದು ಇದಕ್ಕೇ! ಚಳಿಗಾಲವೆಲ್ಲ ಹಿಮ ಮುಚ್ಕೊಂಡು ಬೆಳಕು ಒಳಗೆ ಹೋಗಲ್ಲ, ಗಿಡ ಕೊಳೆಯುತ್ತೆ, ನೀರಲ್ಲಿ ಆಮ್ಲಜನಕ ಇಳಿದುಹೋಗುತ್ತೆ. ಆಳ ಕಮ್ಮಿ ಇರೋ ಸಣ್ಣ ಕೆರೆಗಳಲ್ಲಿ ಹಾಗೆ ಮೀನುಗಳು ರಾಶಿ ರಾಶಿ ಸಾಯೋದೂ ಉಂಟು. ಈಗ ಹೊಸ ನೀರು, ಬಿಸಿಲು ಎರಡೂ ಇಳೀತಿವೆ. ಬ್ಲೂಗಿಲ್, ಕ್ರಾಪಿ ಅನ್ನೋ ಚಪ್ಪಟೆ ಮೀನುಗಳೆಲ್ಲ ಆಳ ಬಿಟ್ಟು ಐದಾರು ಅಡಿ ನೀರಿಗೆ ವಾಪಸ್ ಬರ್ತವೆ, ಹಸಿರು ಗಿಡ ಇರೋ ಕಡೆ. ಕೊಕ್ಕೆಗೆ ಕಂದು ಬಣ್ಣದ ಕೊಳೆತ ಗಿಡ ಬಂತಾ, ಅಲ್ಲಿ ಕೂರಬೇಡಿ, ಮುಂದಿನ ತೂತಿಗೆ ಹೋಗಿ.

ಹಾಂ, ಬಂತು ನೋಡಿ. ಎಲೆ ಅಂಚು ಸುಕ್ಕುಸುಕ್ಕು, ಗರಿಗರಿ ಹಸಿರು. ಕರ್ಲಿ ಲೀಫ್ ಪಾಂಡ್‌ವೀಡ್. ಹೊರದೇಶದಿಂದ ಬಂದ ಕಳೆ ಇದು, ಐಸ್ ಕೆಳಗೂ ಹಸಿರಾಗೇ ಇರುತ್ತೆ. ಬೇಸಿಗೆ ಶುರುವಾಗ್ತಿದ್ದಂಗೆ ಸತ್ತು ಕೊಳೆತು ಪಾಚಿಗೆ ಗೊಬ್ಬರ ಆಗುತ್ತೆ. ನನಗೆ ಇದನ್ನ ಕಂಡ್ರೆ ಆಗಲ್ಲ, ಬೇರುಸಮೇತ ಕಿತ್ತು ಹಾಕ್ಬೇಕು. ಆದ್ರೆ ಇವತ್ತು ಮೀನು ಇರೋದೇ ಇದರ ಮರೆಯಲ್ಲಿ. ಇರಲಿ ಬಿಡಿ, ಮಾರ್ಚಲ್ಲಿ ಮಾತ್ರ ಇರಲಿ.

ಈಗ ಕೊಕ್ಕೆಗೆ ಚುಚ್ಚೋ ಈ ಹುಳದ ಡಬ್ಬಿ. ಅಂಗಡಿಯಲ್ಲಿ 4 ಡಾಲರ್ ತಗೊಂಡ್ರು. ಕ್ಯಾಮೆರಾ ಹತ್ರ ತರ್ತೀನಿ, ನೋಡಿ. ಮರದ ಪುಡಿ ಒಳಗೆ ಹುಳ ಅರ್ಧಕ್ಕರ್ಧ ಕಪ್ಪಾಗಿದೆ, ಮುಟ್ಟಿದ್ರೆ ಒಡೆದು ಬೆರಳಿಗೆ ಅಂಟ್ಕೊಳ್ಳುತ್ತೆ. ಒಳ್ಳೇ ಹುಳ ಅಂದ್ರೆ ಕೆನೆ ಬಣ್ಣ ಇರ್ಬೇಕು, ಕೈ ಬಿಸಿಗೆ ನಿಧಾನಕ್ಕೆ ಮಿಸುಕಬೇಕು. ಇದನ್ನ ಫ್ರಿಜ್ಜಲ್ಲಿ ಎಷ್ಟು ವಾರ ಇಟ್ಟಿದ್ರೋ! ಮೇಲೆ ತಾರೀಕಿಲ್ಲ ಏನಿಲ್ಲ. ನಾಲ್ಕು ಡಾಲರ್ ದೊಡ್ಡ ಮಾತಲ್ಲ, ಆದ್ರೆ ಐಸ್ ಮೇಲೆ ಬಂದು ನಿಂತ್ಮೇಲೆ ಬೇರೆ ಹುಳ ಎಲ್ಲಿಂದ ತರೋದು? ಕೊಳ್ಳೋವಾಗ ಅಂಗಡಿಯಲ್ಲೇ ಮುಚ್ಚಳ ತೆಗೆದು ನೋಡಿ, ಸಂಕೋಚ ಬೇಡ. ಇದು ಮೇಣದ ಹುಳ, ಜೇನುಗೂಡಿಗೆ ಬೀಳುತ್ತಲ್ಲ, ಅದೇ. ಕೊಡಗಲ್ಲಿ ನಮ್ಮ ಮಾವ ಜೇನು ಸಾಕ್ತಿದ್ರು. ಜೇನುಗೂಡು ಬಲ ಕಳ್ಕೊಂಡ್ರೆ ಸಾಕು, ಈ ಹುಳ ಬಂದು ಎರಿ ತುಂಬ ಬಲೆ ಕಟ್ಟಿ ಎಲ್ಲ ತಿಂದುಹಾಕ್ತಿತ್ತು. ಮಾವ ಒಂದೊಂದೇ ಹಲಗೆ ಬಿಸಿಲಿಗೆ ಹಿಡಿದು ಹುಳ ಆರಿಸ್ತಿದ್ರು, ಜೇನು ಕಡಿದ್ರೂ ಕೈ ಹಿಂದೆ ತಗೀತಿರ್ಲಿಲ್ಲ, ಅಷ್ಟು...

ಅಯ್ಯೋ, ಗಾಳದ ಕೋಲಿನ ತುದಿಯ ಸ್ಪ್ರಿಂಗ್ ನೋಡಿ, ಸ್ಪ್ರಿಂಗ್! ಬಾಗ್ತಿಲ್ಲ, ಮೇಲಕ್ಕೆ ಎದ್ದಿದೆ. ಮೀನು ಕೆಳಗಿಂದ ಬಂದು ಜಿಗ್, ಅಂದ್ರೆ ತೂಕ ಇರೋ ಕೊಕ್ಕೆ, ಬಾಯಿಗೆ ಹಾಕ್ಕೊಂಡು ಹಾಗೇ ಮೇಲೆ ಎತ್ತಿದೆ. ದಾರ ಸಡಿಲ ಆಯ್ತು ಅಂದ್ರೆ ಎಳೀಬೇಕು, ಜಗ್ಗೋವರೆಗೆ ಕಾಯಬಾರದು.

ಬ್ಲೂಗಿಲ್! ಎದೆ ಕಿತ್ತಳೆ ಬಣ್ಣ, ಅಂಗೈಗಿಂತ ಅಗಲ. ದೊಡ್ಡ ಗಂಡು. ಇದನ್ನ ಬಿಡ್ತೀನಿ. ವಸಂತದಲ್ಲಿ ಗೂಡು ಮಾಡಿ ಮೊಟ್ಟೆ ಕಾಯೋದು ಇಂಥ ಗಂಡುಗಳೇ. ಇವನ್ನೆಲ್ಲ ಹಿಡಿದು ಹುರಿದುಬಿಟ್ರೆ ಚಿಕ್ಕ ಗಂಡುಗಳು ಬೇಗ ಪ್ರಾಯಕ್ಕೆ ಬಂದು ಬೆಳವಣಿಗೆ ನಿಲ್ಲಿಸಿಬಿಡ್ತವೆ, ಆಮೇಲೆ ಕೆರೆ ತುಂಬ ಬರೀ ಗಿಡ್ಡ ಮೀನು. ಇಲ್ಲಿ ಕೆಲವು ಕೆರೆಗಳಲ್ಲಿ ದಿನಕ್ಕೆ 5ಕ್ಕಿಂತ ಹೆಚ್ಚು ಹಿಡಿಯೋ ಹಾಗಿಲ್ಲ ಅಂತ ಮಾಡಿರೋದು ಇದಕ್ಕೇ, ಸರಿಯಾಗೇ ಮಾಡಿದ್ದಾರೆ. ಸಾರಿಗೆ ಮಧ್ಯಮ ಗಾತ್ರದ್ದು ಸಾಕು, ರುಚಿ ಒಂದೇ.

ಬಿಸಿಲು ಏರ್ತಿದೆ, ದಡದ ಹತ್ರ ಐಸ್ ಬಿಡೋಕೆ ಶುರುವಾಗಿದೆ. ನಡೆಯೋಕೆ ನಾಲ್ಕು ಇಂಚು ಸಾಕು ಅನ್ನೋದು ಹೊಸ, ಗಟ್ಟಿ, ತಿಳಿ ಐಸಿನ ಲೆಕ್ಕ. ಈಗಿನದು ಒಳಗೆಲ್ಲ ಪೊಳ್ಳು, ಒಂದಡಿ ದಪ್ಪ ಇದ್ರೂ ನಂಬಬೇಡಿ. ಹೆಜ್ಜೆಗೊಂದು ಸಲ ಹಾರೆಯಿಂದ ಕುಟ್ಟಿ ನೋಡ್ಕೊಂಡೇ ಹೋಗ್ಬೇಕು, ಅದಕ್ಕೆ ಎರಡೂ ಕೈ ಬೇಕು. ಕ್ಯಾಮೆರಾ ಚೀಲಕ್ಕೆ ಹಾಕ್ತೀನಿ.