ಐ-20ರ ಎರಡನೇ ಪುಟ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಎಂ.ಎಸ್. ಓದುತ್ತಿರುವ ಮಗನೋ ಮಗಳೋ ಮಾರ್ಚ್ ತಿಂಗಳಲ್ಲಿ ಮನೆಗೆ ಫೋನ್ ಮಾಡಿ, "ಬೇಸಿಗೆಗೆ ಇಂಟರ್ನ್‌ಶಿಪ್ ಸಿಕ್ಕಿದೆ, ಸಿಪಿಟಿ ಮಾತ್ರ ಇನ್ನೂ ಆಗಿಲ್ಲ" ಎಂದರೆ ಇಲ್ಲಿರುವ ತಂದೆತಾಯಿಗೆ ಮೊದಲರ್ಧ ಕೇಳಿ ಖುಷಿ, ಉಳಿದರ್ಧ ಕೇಳಿ ಗಾಬರಿ. ಸಿಪಿಟಿ ಎಂದರೇನು, ಅದು ಯಾಕೆ ಆಗಿಲ್ಲ, ಆಗದಿದ್ದರೆ ವೀಸಾ ಏನಾಗುತ್ತದೆ ಎಂದು ಕೇಳಿದರೆ ಆ ಕಡೆಯಿಂದ, "ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ ಅಪ್ಪಾ" ಎಂಬ ಉತ್ತರ. ಗೊತ್ತಾಗದೇ ಇರುವಂಥದ್ದೇನೂ ಅದರಲ್ಲಿಲ್ಲ. ಇವತ್ತು ಅದನ್ನೇ ಹೇಳುತ್ತೇನೆ.

2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ, ಓದು ಮುಗಿಸಿ ತರಬೇತಿಯಲ್ಲಿದ್ದವರೂ ಸೇರಿ, 3,31,000 ದಾಟಿತ್ತು. ಮೈಸೂರು, ಹುಬ್ಬಳ್ಳಿ, ಬೆಂಗಳೂರಿನಲ್ಲಿ ಬಿ.ಇ. ಮುಗಿಸಿ, ಮನೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಹೋದವರು ಇವರಲ್ಲಿ ಕಡಿಮೆಯೇನಿಲ್ಲ. ಇವರ ವೀಸಾದ ಹೆಸರು ಎಫ್-1. ಅದು ಓದುವುದಕ್ಕೆ ಕೊಟ್ಟ ವೀಸಾ. ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ, ಅಂದರೆ ಗ್ರಂಥಾಲಯದಲ್ಲೋ ಊಟದ ಹಾಲಿನಲ್ಲೋ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲೋ, ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಗೇಟಿನಿಂದಾಚೆ ದುಡಿಯಬೇಕಾದರೆ ಅದಕ್ಕೆ ಬೇರೆ ಅನುಮತಿ ಬೇಕು. ಓದು ನಡೆಯುತ್ತಿರುವಾಗಲೇ ಕಂಪನಿಯೊಂದರಲ್ಲಿ ತರಬೇತಿ ಪಡೆಯಲು ಸಿಗುವ ಅನುಮತಿಯೇ ಸಿಪಿಟಿ: ಕರಿಕ್ಯುಲರ್ ಪ್ರಾಕ್ಟಿಕಲ್ ಟ್ರೈನಿಂಗ್.

ಇದರಲ್ಲಿ ಜನ ಎಡವುವ ಜಾಗ ಯಾವುದೆಂದರೆ, ಇದು ಸುಲಭವಾಗಿ ಸಿಗುತ್ತದೆ ಎನ್ನುವುದು. ಓದು ಮುಗಿದ ಮೇಲೆ ತೆಗೆದುಕೊಳ್ಳುವ ಒಪಿಟಿ ಎಂಬ ಇನ್ನೊಂದು ಅನುಮತಿ ಇದೆ. ಅದಕ್ಕೆ ಐ-765 ಎಂಬ ಅರ್ಜಿಯನ್ನು ಸರ್ಕಾರದ ವಲಸೆ ಇಲಾಖೆಗೆ ಹಾಕಬೇಕು, ಶುಲ್ಕ ಕಟ್ಟಬೇಕು, ಫೋಟೊ ಇರುವ ಕಾರ್ಡು ಅಂಚೆಯಲ್ಲಿ ಬರುವ ತನಕ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಸಿಪಿಟಿಗೆ ಇದ್ಯಾವುದೂ ಇಲ್ಲ. ವಲಸೆ ಇಲಾಖೆಗೆ ಅರ್ಜಿಯಿಲ್ಲ, ಕಾರ್ಡಿಲ್ಲ. ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳಿಗಾಗಿಯೇ ಇರುವ ಕಚೇರಿಯಲ್ಲಿ ಡಿಎಸ್‌ಒ ಎಂದು ಕರೆಯುವ ಅಧಿಕಾರಿ ಇರುತ್ತಾರೆ. ಅವರು ಸೆವಿಸ್ ಎಂಬ ಸರ್ಕಾರಿ ದತ್ತಾಂಶ ವ್ಯವಸ್ಥೆಯಲ್ಲಿ ವಿವರ ತುಂಬಿ, ಹೊಸ ಐ-20, ಅಂದರೆ ವಿದ್ಯಾರ್ಥಿ ಅಲ್ಲಿ ಓದುತ್ತಿದ್ದಾನೆ ಎಂಬುದಕ್ಕೆ ವಿಶ್ವವಿದ್ಯಾಲಯ ಕೊಡುವ ವೀಸಾ ಸಂಬಂಧಿ ಪತ್ರ, ಕೊಡುತ್ತಾರೆ. ಅಲ್ಲಿಗೆ ಮುಗಿಯಿತು. ಆದ್ದರಿಂದ ಇದು ಕಾಲೇಜಿನೊಳಗಿನ ವ್ಯವಹಾರ, ಹಾಜರಾತಿ ಪತ್ರ ಪಡೆದಂತೆ ಎಂದು ಹುಡುಗರು ತಿಳಿಯುತ್ತಾರೆ. ಅನುಮತಿ ಕೊಡುವುದು ಕಾಲೇಜು ನಿಜ. ಲೆಕ್ಕ ಕೇಳುವುದು ಮಾತ್ರ ಸರ್ಕಾರ. ಅದೂ ಎಷ್ಟೋ ವರ್ಷ ಕಳೆದ ಮೇಲೆ, ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೋ ಗ್ರೀನ್ ಕಾರ್ಡಿಗೋ ಅರ್ಜಿ ಹಾಕಿದಾಗ.

ಯಾರಿಗೆ ಸಿಗುತ್ತದೆ? ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿರಬೇಕು. ಆಗಸ್ಟಿನಲ್ಲಿ ಸೇರಿದವರಿಗೆ ಮುಂದಿನ ಮೇ ತಿಂಗಳಿಗೆ ಎರಡು ಸೆಮಿಸ್ಟರ್ ತುಂಬುತ್ತದೆ, ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಅಡ್ಡಿಯಿಲ್ಲ. ಜನವರಿಯಲ್ಲಿ ಸೇರಿದವರಿಗೆ ಸಾಮಾನ್ಯವಾಗಿ ಮೊದಲ ಬೇಸಿಗೆ ಕೈತಪ್ಪುತ್ತದೆ. ಸೀಟು ಆರಿಸುವಾಗ ಇದನ್ನು ಹೇಳುವ ಕನ್ಸಲ್ಟೆನ್ಸಿಯವರು ಅಪರೂಪ. ಇನ್ನು ದೊಡ್ಡ ಕಂಪನಿಗಳು ಮುಂದಿನ ಬೇಸಿಗೆಗೆ ಆಯ್ಕೆ ಶುರು ಮಾಡುವುದು ಹಿಂದಿನ ಆಗಸ್ಟ್, ಸೆಪ್ಟೆಂಬರ್‌ನಲ್ಲೇ. ಹೋಗಿ ಇಳಿದು, ಪೆಟ್ಟಿಗೆಯಿಂದ ಚಟ್ನಿಪುಡಿ ಹೊರಗೆ ತೆಗೆಯುವಷ್ಟರಲ್ಲಿ ಕ್ಯಾಂಪಸ್ಸಿನಲ್ಲಿ ಉದ್ಯೋಗ ಮೇಳ ನಡೆಯುತ್ತಿರುತ್ತದೆ. ರೆಸ್ಯೂಮೆ ಬೆಂಗಳೂರಿನಲ್ಲಿರುವಾಗಲೇ ಸಿದ್ಧವಾಗಿರಬೇಕು.

ತರಬೇತಿಯು ಪಠ್ಯಕ್ರಮದ ಅವಿಭಾಜ್ಯ ಅಂಗವಾಗಿರಬೇಕು ಎಂಬುದು ಎರಡನೆಯ ಷರತ್ತು. ಕಂಪ್ಯೂಟರ್ ಸೈನ್ಸ್ ಓದುವವನಿಗೆ ಹೋಟೆಲಿನ ಗಲ್ಲಾದಲ್ಲಿ ಕೂರಲು ಸಿಪಿಟಿ ಸಿಗುವುದಿಲ್ಲ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆಂದೇ ಇಂಟರ್ನ್‌ಶಿಪ್ ಎಂಬ ಹೆಸರಿನ ಕೋರ್ಸ್ ಇರುತ್ತದೆ, ಅದಕ್ಕೆ ನೋಂದಾಯಿಸಿಕೊಳ್ಳಬೇಕು. ಅದಕ್ಕೂ ಶುಲ್ಕ ಇರುತ್ತದೆ. ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಒಂದು ಕ್ರೆಡಿಟ್‌ಗೆ 1,000 ಡಾಲರಿಗೂ ಮೇಲೆ. ದುಡಿಯುವುದಕ್ಕೆ ದುಡ್ಡು ಕಟ್ಟುವುದೇ ಎಂದು ತಂದೆಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಕ್ರೆಡಿಟ್ಟೇ ಕೆಲಸವನ್ನು ಓದಿನೊಂದಿಗೆ ಕಟ್ಟಿಹಾಕುವ ಗಂಟು, ಅದಿಲ್ಲದೆ ಅನುಮತಿಗೆ ಆಧಾರವಿಲ್ಲ.

ಅರ್ಜಿಯ ಕ್ರಮ ಹೀಗೆ. ಮೊದಲು ಕಂಪನಿಯ ಆಫರ್ ಲೆಟರ್. ಅದರಲ್ಲಿ ಹುದ್ದೆ, ಮಾಡಬೇಕಾದ ಕೆಲಸ, ಶುರುವಾಗುವ ಮತ್ತು ಮುಗಿಯುವ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಕೆಲಸ ಮಾಡುವ ಸ್ಥಳದ ವಿಳಾಸ ಇಷ್ಟೂ ಇರಬೇಕು. ಕಂಪನಿಯವರು ಕಳಿಸುವ ಮೊದಲ ಪತ್ರದಲ್ಲಿ ಸಾಧಾರಣವಾಗಿ ಮುಗಿಯುವ ದಿನಾಂಕವೋ ವಿಳಾಸವೋ ಬಿಟ್ಟುಹೋಗಿರುತ್ತದೆ. ಸಂಕೋಚ ಬಿಟ್ಟು ತಿದ್ದಿಸಿಕೊಳ್ಳಬೇಕು. ಆಮೇಲೆ ವಿಭಾಗದ ಸಲಹೆಗಾರ ಪ್ರಾಧ್ಯಾಪಕರ ಒಪ್ಪಿಗೆ, ಕೋರ್ಸಿನ ನೋಂದಣಿ, ಕೊನೆಗೆ ಡಿಎಸ್‌ಒ ಕಚೇರಿ. ಮೇ ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಬಂದು ನಿಲ್ಲುವುದರಿಂದ ಅಲ್ಲಿ ಒಂದೆರಡು ವಾರ ಹಿಡಿಯುವುದು ಮಾಮೂಲು. ಪ್ರಾಧ್ಯಾಪಕರು ರಜೆಗೆ ಹೊರಡುವ ಮೊದಲೇ ಅವರ ಒಪ್ಪಿಗೆ ಪಡೆದವರು ಗೆದ್ದರು.

ಹೊಸ ಐ-20 ಬಂದಾಗ ನೋಡಬೇಕಾದದ್ದು ಎರಡನೇ ಪುಟ. ಮೊದಲ ಪುಟದಲ್ಲಿ ಹೆಸರು, ಎನ್ ಅಕ್ಷರದಿಂದ ಶುರುವಾಗುವ ಸೆವಿಸ್ ಸಂಖ್ಯೆ, ಓದಿನ ಖರ್ಚಿನ ಲೆಕ್ಕ ಇವು ಇರುತ್ತವೆ. ಎರಡನೆಯದರಲ್ಲಿ ಉದ್ಯೋಗದ ಅನುಮತಿ ಎಂಬ ಭಾಗ. ಅಲ್ಲಿ ಸಿಪಿಟಿ ಎಂದು, ಪೂರ್ಣಾವಧಿಯೋ ಅರೆಕಾಲಿಕವೋ ಎಂದು, ಕಂಪನಿಯ ಹೆಸರು, ಊರು, ಆರಂಭದ ದಿನ, ಕೊನೆಯ ದಿನ. ಒಟ್ಟು ನಾಲ್ಕೈದು ಸಾಲು. ಕಾದಿರಿಸಿದ ರೈಲು ಟಿಕೆಟ್ಟಿನ ಹಾಗೆ ಇದು: ಅದರಲ್ಲಿರುವ ಗಾಡಿ, ಅದರಲ್ಲಿರುವ ದಿನ, ಅಷ್ಟೇ. ಜೂನ್ 3 ಎಂದು ಬರೆದಿದ್ದರೆ ಜೂನ್ 2ರಂದು ಕಂಪನಿಯ ಲ್ಯಾಪ್‌ಟಾಪ್ ತೆರೆದು ತರಬೇತಿ ವಿಡಿಯೊ ನೋಡುವುದೂ ಬೇಡ. ಕೊನೆಯ ದಿನ ಆಗಸ್ಟ್ 15 ಎಂದಿದ್ದು, "ಇನ್ನೊಂದು ವಾರ ಇದ್ದು ಕೆಲಸ ಮುಗಿಸಿಕೊಡು" ಎಂದು ಮ್ಯಾನೇಜರ್ ಪ್ರೀತಿಯಿಂದಲೇ ಹೇಳಿದರೂ, ಮೊದಲು ಡಿಎಸ್‌ಒಗೆ ಬರೆದು ದಿನಾಂಕ ವಿಸ್ತರಿಸಿಕೊಳ್ಳಬೇಕು. ಕಂಪನಿ ಬದಲಾದರೆ ಹೊಸ ಅನುಮತಿ. ಸಂಬಳವಿಲ್ಲದ ತರಬೇತಿಯಾದರೂ ಅನುಮತಿ ಪಡೆದೇ ಹೋಗಿ ಎಂಬುದು ಬಹುತೇಕ ಕಚೇರಿಗಳ ಸಲಹೆ. ಹಳೆಯ ಐ-20ಗಳಲ್ಲಿ ಒಂದನ್ನೂ ಎಸೆಯಬಾರದು. ಮುಂದೆ ವಲಸೆ ಇಲಾಖೆ ಪ್ರಶ್ನೆ ಕೇಳಿದಾಗ ಉತ್ತರ ಕೊಡುವುದು ಅವೇ ಕಾಗದಗಳು.

ಗಂಟೆಗಳ ಲೆಕ್ಕವೂ ಇದೆ. ವಾರಕ್ಕೆ 20 ಗಂಟೆಯವರೆಗೆ ಅರೆಕಾಲಿಕ, ಅದಕ್ಕಿಂತ ಹೆಚ್ಚಾದರೆ ಪೂರ್ಣಾವಧಿ. ಪೂರ್ಣಾವಧಿ ಸಿಪಿಟಿ ಒಟ್ಟು 12 ತಿಂಗಳು ತಲುಪಿದರೆ ಆ ಪದವಿಯ ಮಟ್ಟದಲ್ಲಿ ಒಪಿಟಿ ಹೋಯಿತು. ಓದು ಮುಗಿದ ಮೇಲೆ ದುಡಿಯಲು ಒಪಿಟಿ ಕೊಡುವ 12 ತಿಂಗಳು, ವಿಜ್ಞಾನ ತಂತ್ರಜ್ಞಾನದವರಿಗೆ ಅದರ ಮೇಲೆ ಸಿಗುವ ಇನ್ನೊಂದು 24 ತಿಂಗಳು, ಸಾಲ ತೀರಿಸುವ ಕಾಲವೇ ಅದು. ಅರೆಕಾಲಿಕ ಸಿಪಿಟಿಗೆ ಈ ಹೊಡೆತವಿಲ್ಲ.

ಈಗ ಹೇಳಲೇಬೇಕಾದ ಇನ್ನೊಂದು ವಿಷಯ. ಕೆಲವು ಸ್ನಾತಕೋತ್ತರ ಕೋರ್ಸುಗಳಿಗೆ ಮೊದಲ ದಿನದಿಂದಲೇ ತರಬೇತಿ ಅಗತ್ಯವಿರುತ್ತದೆ. ಅವಕ್ಕೆ ಒಂದು ವರ್ಷದ ಷರತ್ತಿನಿಂದ ವಿನಾಯಿತಿ ಇದೆ. ಈ ಕಿಂಡಿಯನ್ನೇ ಹೆಬ್ಬಾಗಿಲು ಮಾಡಿಕೊಂಡ ಸಂಸ್ಥೆಗಳು ಹುಟ್ಟಿಕೊಂಡಿವೆ. "ಡೇ ಒನ್ ಸಿಪಿಟಿ" ಎಂಬುದು ಅವುಗಳ ಜಾಹೀರಾತು. ಎಚ್-1ಬಿ ಲಾಟರಿಯಲ್ಲಿ ಹೆಸರು ಬಾರದವರು, ಒಪಿಟಿ ಮುಗಿದವರು ಅಲ್ಲಿಗೆ ಧಾವಿಸುತ್ತಾರೆ.

ಹೆಸರಿಗಷ್ಟೇ ಕಾಲೇಜಾಗಿರುವ ಕಡೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ ಎಂಬ ಊರಿನ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ, ವೀಸಾ ವಂಚನೆಯ ಆರೋಪದಲ್ಲಿ, ಸರ್ಕಾರಿ ಅಧಿಕಾರಿಗಳ ದಾಳಿಯಾಯಿತು. ಅದರ 1,500ಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಬಹುಪಾಲು ಭಾರತೀಯರು, ಅದರಲ್ಲೂ ಆಂಧ್ರದವರು. ಅರ್ಧಕ್ಕಿಂತ ಹೆಚ್ಚು ಮಂದಿಯ ವಿಳಾಸವೆಂದು ಸೆವಿಸ್‌ನಲ್ಲಿ ದಾಖಲಾಗಿದ್ದದ್ದು ಸನ್ನಿವೇಲ್‌ನ ಒಂದೇ ಅಪಾರ್ಟ್‌ಮೆಂಟ್! ಕೆಲವು ವಿದ್ಯಾರ್ಥಿಗಳ ಕಾಲಿಗೆ, ಎಲ್ಲಿದ್ದಾರೆಂದು ತಿಳಿಸುವ ಎಲೆಕ್ಟ್ರಾನಿಕ್ ಪಟ್ಟಿ ತೊಡಿಸಿದರು. ನಮ್ಮ ಮದ್ದೂರು ಸೀಮೆಯ ಎಸ್.ಎಂ. ಕೃಷ್ಣ ಆಗ ವಿದೇಶಾಂಗ ಸಚಿವರು. ಈ ಮಕ್ಕಳು ಅಪರಾಧಿಗಳಲ್ಲ, ಪಟ್ಟಿ ತೆಗೆಯಿರಿ ಎಂದು ಅವರು ಬಹಿರಂಗವಾಗಿಯೇ ಒತ್ತಾಯಿಸಿದರು. ಆ ಸಂಸ್ಥೆಯ ಒಡತಿಗೆ 2014ರಲ್ಲಿ 16 ವರ್ಷಕ್ಕೂ ಹೆಚ್ಚಿನ ಸೆರೆವಾಸ ವಿಧಿಸಲಾಯಿತು. ಓದಲು ಬಂದವರ ವರ್ಷಗಳು, ಹಣ ಮರಳಲಿಲ್ಲ.

ಎಂಟು ವರ್ಷದ ಬಳಿಕ ಮಿಷಿಗನ್‌ನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಫಾರ್ಮಿಂಗ್‌ಟನ್ ವಿಶ್ವವಿದ್ಯಾಲಯ ಎಂಬುದನ್ನು ನಡೆಸುತ್ತಿದ್ದವರು ವೇಷ ಮರೆಸಿಕೊಂಡ ಸರ್ಕಾರಿ ತನಿಖಾಧಿಕಾರಿಗಳೇ. ಅಲ್ಲಿ ತರಗತಿಯಿಲ್ಲ, ಅಧ್ಯಾಪಕರಿಲ್ಲ. ಶುಲ್ಕ ಕಟ್ಟಿದವರಿಗೆ ಸಿಪಿಟಿ. 2019ರ ಜನವರಿಯ ಕೊನೆಯಲ್ಲಿ ಸುಮಾರು 130 ವಿದ್ಯಾರ್ಥಿಗಳನ್ನು ಬಂಧಿಸಿದಾಗ ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಭಾರತೀಯರು. ತರಗತಿಯೇ ಇಲ್ಲದ ಕಾಲೇಜು ಎಂದು ಗೊತ್ತಿದ್ದೂ ಸೇರಿದ್ದಾರೆ ಎಂಬುದು ಸರ್ಕಾರದ ವಾದ. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ ಸರ್ಕಾರವೇ ಅದರ ಹೆಸರು ಹಾಕಿತ್ತು ಎಂಬುದು ವಿದ್ಯಾರ್ಥಿಗಳ ವಾದ. ಕಟ್ಟಿದ ಶುಲ್ಕಕ್ಕಾಗಿ ವಿದ್ಯಾರ್ಥಿಯೊಬ್ಬರು ಹೂಡಿದ್ದ ದಾವೆ ಕೆಳಗಿನ ನ್ಯಾಯಾಲಯದಲ್ಲಿ ಬಿದ್ದುಹೋಗಿತ್ತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಅದು ಮುಂದುವರಿಯಬಹುದು ಎಂದಿತು. ಬಲೆ ಒಡ್ಡಿದ ರೀತಿ ನನಗೆ ಸರಿಯೆನಿಸುವುದಿಲ್ಲ. ಹಾಗೆಂದು, ಪಾಠವೇ ನಡೆಯದ ಕಡೆ ಪಠ್ಯದ ತರಬೇತಿ ಪತ್ರ ಸಿಕ್ಕಿದಾಗ ಅನುಮಾನ ಬರಬೇಕಿತ್ತು ಎಂಬ ಮಾತನ್ನೂ ತಳ್ಳಿಹಾಕಲಾರೆ. ಡೇ ಒನ್ ಕಾಲೇಜುಗಳೆಲ್ಲ ನಕಲಿ ಎಂದು ನಾನು ಹೇಳುತ್ತಿಲ್ಲ. ವಾರಕ್ಕೆ ಎಷ್ಟು ತರಗತಿ, ಎಲ್ಲಿ, ಯಾರು ಪಾಠ ಮಾಡುತ್ತಾರೆ ಎಂದು ಮೂರು ಪ್ರಶ್ನೆ ಕೇಳಿ. ಉತ್ತರಕ್ಕೆ ಬದಲು ಸಿಪಿಟಿಯ ದಿನಾಂಕ ಬಂದರೆ ಅಲ್ಲಿಂದ ಹಿಂದಿರುಗುವುದು ಒಳ್ಳೆಯದು.

ಅನುಮತಿ ಕೈಗೆ ಬಂದ ಮೇಲೆ ಉಳಿದದ್ದು ಸುಲಭ. ಸಂಬಳ, ತೆರಿಗೆಯ ಲೆಕ್ಕಕ್ಕೆ ಬೇಕಾಗುವ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇಲ್ಲದವರು ಪಾಸ್‌ಪೋರ್ಟ್, ಅಮೆರಿಕದೊಳಗೆ ಬಂದದ್ದರ ದಾಖಲೆಯಾದ ಐ-94 ಮತ್ತು ಸಿಪಿಟಿ ನಮೂದಾದ ಐ-20 ಹಿಡಿದು ಆ ಕಚೇರಿಗೆ ಹೋಗಬೇಕು. ಕೆಲಸಕ್ಕೆ ಸೇರಿ ಮೂರು ಕೆಲಸದ ದಿನಗಳೊಳಗೆ ಕೆಲಸ ಮಾಡಲು ಅನುಮತಿ ಇದೆಯೇ ಎಂದು ಪರಿಶೀಲಿಸುವ ಐ-9 ಎಂಬ ನಮೂನೆಗಾಗಿ ಕಂಪನಿಯವರು ಇವೇ ಕಾಗದಗಳನ್ನು ನೋಡುತ್ತಾರೆ.

ಮೊದಲ ಸಂಬಳದ ಚೀಟಿ ಬಂದಾಗ ಕಡಿತಗಳ ಕಡೆ ಕಣ್ಣಾಡಿಸಲು ಮಕ್ಕಳಿಗೆ ಹೇಳಿ. ಎಫ್-1 ವಿದ್ಯಾರ್ಥಿಗಳಿಗೆ ಮೊದಲ ಐದು ಕ್ಯಾಲೆಂಡರ್ ವರ್ಷಗಳಲ್ಲಿ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ಕಡಿತ, ಅಂದರೆ ಅಲ್ಲಿನ ಪಿಂಚಣಿ ಮತ್ತು ಹಿರಿಯರ ಆರೋಗ್ಯ ವಿಮೆಗೆ ಹಿಡಿಯುವ ಹಣ, ಅನ್ವಯಿಸುವುದಿಲ್ಲ. ಅದು ಸಂಬಳದ ಶೇ. 7.65. ಸಂಬಳ ವಿಭಾಗದವರು ಎಲ್ಲರಿಗೂ ಹಿಡಿದ ಹಾಗೆ ಇವರಿಗೂ ಹಿಡಿದಿರುತ್ತಾರೆ. ಕೇಳಿದರೆ ವಾಪಸು ಕೊಡುತ್ತಾರೆ. ಕೊಡದಿದ್ದರೆ ತೆರಿಗೆ ಇಲಾಖೆಗೆ 843ನೇ ನಮೂನೆಯಲ್ಲಿ ಅರ್ಜಿ ಹಾಕಬಹುದು. ಆದಾಯ ತೆರಿಗೆ ಬೇರೆ, ಅದನ್ನು ಕಟ್ಟಲೇಬೇಕು. ಆದರೆ ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಭಾರತದ ವಿದ್ಯಾರ್ಥಿಗಳು ಅಲ್ಲಿನವರಂತೆಯೇ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ತೆರಿಗೆಯಿಲ್ಲದೆ ಕಳೆಯುವ ನಿಗದಿತ ಮೊತ್ತ, ಪಡೆಯಬಹುದು. ಒಂದು ಬೇಸಿಗೆಯ ಸಂಬಳದಲ್ಲಿ ಅದು ದೊಡ್ಡ ಮೊತ್ತವೇ. ಏಪ್ರಿಲ್‌ನಲ್ಲಿ ವಿವರ ಸಲ್ಲಿಸುವಾಗ ಅನಿವಾಸಿಗಳ ತೆರಿಗೆ ವಿವರದ 1040-ಎನ್‌ಆರ್ ನಮೂನೆಯ ಜೊತೆಗೆ 8843 ಎಂಬ ಇನ್ನೊಂದು ನಮೂನೆಯೂ ಹೋಗಬೇಕು; ಆ ವರ್ಷ ಒಂದು ಡಾಲರ್ ಸಂಪಾದಿಸದವರೂ 8843 ಕಳಿಸಬೇಕು.

ನಮಸ್ಕಾರ.