ಕಥೆಗೆ ಕೊಟ್ಟ ದುಡ್ಡು, ನಾಣ್ಯಕ್ಕೆ ಕೊಟ್ಟ ದುಡ್ಡು

ನಮಸ್ಕಾರ. ಇವತ್ತು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ರೋಮನ್ ನಾಣ್ಯ ಸಂಗ್ರಹಿಸಲು ಈಗಷ್ಟೇ ಶುರು ಮಾಡಿದ್ದರೆ, ಟಿಬೇರಿಯಸ್ ಚಕ್ರವರ್ತಿಯ ಡೆನೇರಿಯಸ್, ಅಂದರೆ ಅವನ ಬೆಳ್ಳಿ ನಾಣ್ಯ, ಸದ್ಯಕ್ಕೆ ಬೇಡ. ಸಿಟ್ಟಾಗಬೇಡಿ, ಪೂರ್ತಿ ಕೇಳಿ.

ಯಾವ ನಾಣ್ಯ ಅಂತ ಗೊತ್ತಲ್ವಾ? ಒಂದು ಕಡೆ ಚಕ್ರವರ್ತಿಯ ತಲೆ, ಇನ್ನೊಂದು ಕಡೆ ಕೊಂಬೆ ಹಿಡಿದು ಕೂತ ಹೆಂಗಸು. 'ಕೈಸರನದ್ದು (ಅಂದರೆ ರೋಮನ್ ಚಕ್ರವರ್ತಿಯದ್ದು) ಕೈಸರನಿಗೆ ಕೊಡಿ' ಅಂತ ಯೇಸು ಹೇಳಿದ್ದು ಇದೇ ನಾಣ್ಯ ನೋಡಿ ಅಂತ ಜನ ನಂಬಿದ್ದಾರೆ. ಬೈಬಲ್ಲಿನಲ್ಲಿ ಟಿಬೇರಿಯಸ್ ನಾಣ್ಯ ಅಂತೇನೂ ಬರೆದಿಲ್ಲ, ಕೈಸರನ ತಲೆ ಅಂತ ಅಷ್ಟೇ ಇದೆ. ಆದರೂ ಎಲ್ಲರಿಗೂ ಇದೇ ಬೇಕು. ಹಾಗಂತ ಇದು ಅಪರೂಪದ್ದೂ ಅಲ್ಲ. ಕ್ರಿ.ಶ. 14ರಿಂದ 37ರವರೆಗೆ ಆಳಿದ ಈತ ಹೆಚ್ಚಾಗಿ ಇದೊಂದೇ ಬಗೆಯನ್ನು ರಾಶಿ ರಾಶಿ ಅಚ್ಚು ಹಾಕಿಸಿದ. ನಮ್ಮ ಯಶವಂತಪುರದಲ್ಲೇ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದವು. ಅದರಲ್ಲಿ ಇವನಿಗಿಂತ ಮುಂಚಿನ ಚಕ್ರವರ್ತಿ ಅಗಸ್ಟಸ್‌ನವೂ ಇದ್ದವು, ಇವನವೂ ಇದ್ದವು. ಅಂದರೆ ಬೆಲೆ ಏರಿರುವುದು ನಾಣ್ಯ ಕಮ್ಮಿ ಅಂತಲ್ಲ, ಕಥೆ ಚೆನ್ನಾಗಿದೆ ಅಂತ.

ಬೇಡಿಕೆ ಇದ್ದ ಕಡೆ ನಕಲಿ ಬರದೇ ಇರುತ್ತಾ? ನನ್ನ ಮೊದಲ ಖರೀದಿಯೇ ಅದು. ಮಾರಿದವನ ಹೆಸರು ಬೇಡ ಬಿಡಿ. ಬೇರೆ ಕಡೆಗಿಂತ ಅರ್ಧ ಬೆಲೆ ಹೇಳಿದ. ಅಗ್ಗ ಅಂತ ಮುಗ್ಗಿದ ಜೋಳ ತಂದ ಹಾಗಾಯಿತು. ಮನೆಗೆ ತಂದು ತಕ್ಕಡಿಗೆ ಇಟ್ಟರೆ 2.9 ಗ್ರಾಂ. ಇದು ಹೆಚ್ಚುಕಮ್ಮಿ 3.7 ಗ್ರಾಂ ಇರಬೇಕು. ಸವೆದಿರಬಹುದು ಅಂತ ಸಮಾಧಾನ ಮಾಡಿಕೊಂಡೆ. ಆದರೆ ಮುಖದ ಮೂಗು, ಕಿವಿ ಎಲ್ಲ ಹಾಗೇ ಇವೆ, ಸವೆದದ್ದು ಎಲ್ಲಿ? ಭೂತಗನ್ನಡಿ ಹಿಡಿದು ಅಂಚು ತಿರುಗಿಸಿದೆ. ಸುತ್ತ ಒಂದು ತೆಳು ಗೆರೆ, ಉಜ್ಜಿ ಮರೆಸಲು ನೋಡಿದ್ದಾರೆ. ಅಕ್ಷರಗಳ ಬುಡದಲ್ಲಿ ಸೂಜಿಮೊನೆಯಷ್ಟು ಗುಂಡನೆ ತೂತುಗಳು. ಎರಡು ಅರ್ಧ ಜೋಡಿಸಿದ ಅಚ್ಚಿನಲ್ಲಿ ಎರಕ ಹೊಯ್ದದ್ದು! ಅಸಲಿಯನ್ನು ಸುತ್ತಿಗೆಯಲ್ಲಿ ಹೊಡೆದು ಮಾಡುತ್ತಿದ್ದರು. ಆ ಏಟಿಗೆ ಅಂಚು ಅಲ್ಲಲ್ಲಿ ಸೀಳಿರುತ್ತದೆ, ತಲೆ ನಡುವೆ ಕೂರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಈಗ ಸೀಳು ಕಂಡರೆ ನನಗೆ ಖುಷಿ.

ತೂಕ ಸರಿ ಇಲ್ಲದ್ದೆಲ್ಲ ಇವತ್ತಿನ ನಕಲಿ ಅಂತಲೂ ಅಲ್ಲ. ಒಳಗೆ ತಾಮ್ರ, ಮೇಲೆ ಬೆಳ್ಳಿ ಹಾಳೆ ಸುತ್ತಿ ಆ ಕಾಲದಲ್ಲೇ ಮೋಸ ಮಾಡಿದವರಿದ್ದರು. ಬೆಳ್ಳಿ ಕಿತ್ತಲ್ಲಿ ತಾಮ್ರ ಇಣುಕುತ್ತದೆ. ಅಂಥದ್ದು, ಅದು ಏನು ಅಂತ ಹೇಳಿಯೇ ಮಾರಿದರೆ, ನಾನು ಕಣ್ಣು ಮುಚ್ಚಿ ತಗೊಳ್ಳುತ್ತೇನೆ.

ಹಾಗಾದರೆ ಏನು ಕೊಳ್ಳೋದು? ನಾನಾದರೆ ಆಂಟೋನಿನಸ್ ಪಯಸ್ ಅನ್ನುತ್ತೇನೆ. 138ರಿಂದ 161ರವರೆಗೆ ಆಳಿದವನು. ಅವನಿಗಿಂತ ಮುಂಚಿನ ಚಕ್ರವರ್ತಿ ನೀರೋ 64ರ ಹೊತ್ತಿಗೆ ತೂಕ, ಬೆಳ್ಳಿ ಎರಡನ್ನೂ ಇಳಿಸಿದ್ದ, ಹಾಗಾಗಿ ಇವನ ನಾಣ್ಯ ಸ್ವಲ್ಪ ಹಗುರ. ಆದರೆ ಇವನ ಬೆನ್ನ ಹಿಂದೆ ದೊಡ್ಡ ಕಥೆಯಿಲ್ಲ. ಟಿಬೇರಿಯಸ್‌ನ ಸವೆದ ನಾಣ್ಯಕ್ಕೆ ಕೊಡುವ ದುಡ್ಡಿಗೆ ಗಡ್ಡದ ಕೂದಲು ಎಣಿಸಬಹುದಾದಂಥ ಪಯಸ್ ಬರುತ್ತಾನೆ. ಹಳೆಯ ಹರಾಜಿನ ರಸೀದಿ ಜೊತೆಗಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ನಕಲಿ ಅಂತ ಗೊತ್ತಾದರೆ ವಾಪಸ್ ತಗೊಳ್ಳುತ್ತೇನೆ ಅಂತ ಬರೆದುಕೊಡದವನ ಹತ್ತಿರ ಬೆಲೆಯನ್ನೇ ಕೇಳಬೇಡಿ. 'ಹೊಲದಲ್ಲಿ ಸಿಕ್ತು ಸಾರ್' ಅನ್ನುವವನ ಹತ್ತಿರವಂತೂ ನಿಲ್ಲಲೇಬೇಡಿ. ಅವನು ಸುಳ್ಳು ಹೇಳುತ್ತಿದ್ದರೆ ನಾಣ್ಯ ನಕಲಿ, ನಿಜ ಹೇಳುತ್ತಿದ್ದರೆ ಅದನ್ನು ಸರ್ಕಾರಕ್ಕೆ ತಿಳಿಸಬೇಕಿತ್ತು.

ನನ್ನ ಆ ಟಿಬೇರಿಯಸ್ ಇನ್ನೂ ಇದ್ದಾನೆ. ಪಯಸ್ ಪಕ್ಕದಲ್ಲೇ, ಅದೇ ಡಬ್ಬಿಯಲ್ಲಿ. ಮನೆಗೆ ಬಂದವರ ಕೈಗೆ ಎರಡನ್ನೂ ಕೊಟ್ಟು ಅಸಲಿ ಯಾವುದು ಅಂತ ಕೇಳುತ್ತೇನೆ. ಹೆಚ್ಚಿನವರು ಟಿಬೇರಿಯಸ್‌ನನ್ನೇ ತೋರಿಸುತ್ತಾರೆ.